ಹಸಿರು ಬಾಟಲಿಗೆ ಕದರಮ್ಮನ ನಂಚಿಕೆ

ಕದರಮ್ಮ ಕೂತು ಉಂಡಿದ್ದನ್ನು ಕಂಡವರು ಕಮ್ಮಿ. ತಟ್ಟೆಯನ್ನು ಎಡಗೈಗೆ ಏರಿಸಿಕೊಂಡು, ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡುತ್ತ, ಮುದ್ದೆ ಮುರಿದು ನುಂಗುತ್ತ, ನಡುವೆ ಒಲೆಗೆ ಸೌದೆ ತಳ್ಳಿ, ನಾಯಿಗೆ ಬೈದು, ಹಂಗೇ ಊಟ ಮುಗಿಸಿ ಕೈ ತೊಳೆಯುವ ಹೆಂಗಸು. "ನಿನ್ ಪಾದದಡಿ ಕೆಂಡ ಅವೇನಮ್ಮಿ?" ಅಂತ ಗಂಡ ಓಬಳಯ್ಯ ಮದುವೆಯಾದ ಹೊಸದರಲ್ಲೇ ಕೇಳಿದ್ದ.

"ಅವೆ. ಬೇಕಾದ್ರೆ ಬೀಡಿ ಹಚ್ಕೊ" ಅಂದಿದ್ದಳು.

ಹುಟ್ಟಿದ್ದು ಗುಬ್ಬಿ ಊರಾಚೆಯ ಕೇರಿಯಲ್ಲಿ. ಪಾನನಿಷೇಧ ಎದ್ದುಹೋದ ಮೇಲೆ ಕಾಳಯ್ಯ ಅನ್ನೋನು ಈಚಲು ತೋಪಿನ ಪಕ್ಕ ಹೆಂಡದ ಪೆಂಟೆ ಇಟ್ಟ. ಪೆಂಟೆ ಎದುರು ಕದರಮ್ಮನ ಅವ್ವ ಚಿಕ್ಕಮಾರಮ್ಮ ಗೋಣಿತಾಟು ಹಾಸಿ ನಂಚಿಕೆ ಮಾರುತ್ತಿದ್ದಳು. ಕುಡಿಯೋನಿಗೆ ಗುಟುಕಿನ ಮಧ್ಯೆ ನಾಲಿಗೆಗೆ ಏನಾದರೂ ಬೇಕಲ್ಲ, ಅದೇ ನಂಚಿಕೆ. ಹುರಿಗಾಳು, ಬೇಯಿಸಿದ ಕಡಲೇಕಾಯಿ, ಸುಟ್ಟ ಒಣಮೀನು, ಬೋಟಿ, ಸಂತೆ ದಿನ ಹಂದಿ ಬಾಡು. ಯಾವ ಹೊತ್ತಿಗೆ ಯಾವುದು ಅನ್ನೋದು ಚಿಕ್ಕಮಾರಮ್ಮನಿಗೆ ಬಾಯಿಪಾಠ. ಬೆಳಗ್ಗೆ ಇಳಿಸಿದ ಹೆಂಡ ಸಿಹಿ, ಅದಕ್ಕೆ ಉಪ್ಪು ಖಾರದ ಕಾಳು. ಬಿಸಿಲೇರಿದ ಮೇಲೆ ಅದು ಸಿಹಿಯೂ ಅಲ್ಲ, ಹುಳಿಯೂ ಅಲ್ಲ, ಎರಡರ ನಡುವೆ ತಕಪಕ ಅಂತಿರುತ್ತದೆ. ಅದಕ್ಕೆ ಕೊಬ್ಬಿರೋ ಬಾಡು. ಮಧ್ಯಾಹ್ನ ದಾಟಿದರೆ ಬರೀ ಹುಳಿ. "ಆಗ ಬರೋರಿಗೆ ಕಲ್ಲು ಹುರಿದು ಕೊಟ್ರೂ ನಂಚ್ಕೊಂತಾರೆ, ಅವರ ಬಾಯಿ ಆಗ್ಲೇ ಸತ್ತಿರ್ತದೆ" ಅನ್ನುತ್ತಿದ್ದಳು.

ಅವಳದು ಎರಡು ಕಟ್ಟಳೆ. ನಂಚಿಕೆ ಮಾರೋಳು ಹೆಂಡ ಮುಟ್ಟಬಾರದು, ಮುಟ್ಟಿದರೆ ಮರುದಿನದಿಂದ ಗಂಡಸರ ಕಣ್ಣು ಬೇರೆ ಥರ ತಿರುಗುತ್ತದೆ. ಎರಡನೆಯದು ಪೆಂಟೆಯದ್ದೇ. ಉಳಿದ ಹೆಂಡವನ್ನು ನಾಳೆಗೆ ಇಡಬಾರದು. ಬೇರೆ ಪೆಂಟೆಗಳಲ್ಲಿ ಹಳೆಯದನ್ನು ಹೊಸದಕ್ಕೆ ಬೆರೆಸಿ ಯಾಮಾರಿಸುತ್ತಿದ್ದರು, ಕಾಳಯ್ಯ ಹಂಗಲ್ಲ. ಉಳಿದದ್ದನ್ನು ಕದರಮ್ಮನ ಕೈಲೇ ಈಚಲು ಮರದ ಬುಡಕ್ಕೆ ಹುಯ್ಯಿಸುತ್ತಿದ್ದ. ಮಡಕೆ ತೊಳೆದು ಬೋರಲು ಹಾಕಿದ ಮೇಲೇ ಅವಳಿಗೆ ಮನೆಗೆ ಹೋಗಲು ಅಪ್ಪಣೆ. ನಿನ್ನೆ ಮೂತಿ ಬಿಚ್ಚಿದ್ದನ್ನು ಇವತ್ತು ಬಂದೋನಿಗೆ ಕೊಡೋದು ಅಂದರೆ ಅವನ ಮುಖಕ್ಕೆ ಉಗಿದಂಗೆ. ಇದು ಅವಳ ಮೈಗೆ ಹತ್ತಿದ ಪಾಠ. ಮುಂದೆ ಕೆಲಸ ಕೆಡಿಸಿದ್ದೂ ಇದೇ.

ಮದುವೆಯಾಗಿ ಹೋದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಗೆ. ಅಲ್ಲಿ ಕೂಲಿಗೆ ಹೋದಳು, ಹೆಂಚಿನ ಗೂಡಿಗೆ ಮಣ್ಣು ತುಳಿದಳು, ಕುಣಿಗಲ್ಲಿನ ಕುದುರೆ ಫಾರಮ್ಮಿಗೆ ಹುಲ್ಲು ಕೊಯ್ದು ಹಾಕಿದಳು. ಒಂದೂ ಕಚ್ಚಲಿಲ್ಲ. ಯಜಮಾನರ ಮನೆ ಜಗುಲಿಯ ಕೆಳಗೆ ಕೈಯೊಡ್ಡಿ ನೀರು ಕುಡಿಯುವಾಗೆಲ್ಲ ಪಾದ ಉರಿಯುತ್ತಿತ್ತಂತೆ. ಎಪ್ಪತ್ತಾರರ ಬೇಸಿಗೆಯಲ್ಲಿ ಗಂಡನನ್ನು ಎಬ್ಬಿಸಿಕೊಂಡು ತುಮಕೂರಿಗೆ ಬಂದಳು. ಓಬಳಯ್ಯ ಬಟವಾಡಿ ಕಡೆ ಮಂಡಿಯಲ್ಲಿ ಹಮಾಲಿಯಾದ. ಅಲ್ಲಿ ಹಮಾಲರ ಸಂಘ ಸೇರಿ, ಕೆಂಪು ಟವಲು ಹೆಗಲಿಗೆ ಹಾಕಿ, ಧರಣಿ ಅನ್ನೋ ಮಾತನ್ನು ಕಲಿತು ಬಂದು ಹೆಂಡತಿಗೂ ಹೇಳಿಕೊಟ್ಟ. "ಇನ್ಮೇಲೆ ಯಾರಿಗೂ ಬುದ್ದೀ ಅನ್ಬ್ಯಾಡ. ಸಾರ್ ಅನ್ನು ಸಾಕು."

ಕದರಮ್ಮ ಸಾರ್ ಅಂದದ್ದು ಕೋರ ರಸ್ತೆಯಲ್ಲಿ ಹೊಸದಾಗಿ ಎದ್ದಿದ್ದ ಬೇರಿಂಗ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ. ಊರೊಳಗಿನ ಹಳೇ ಬಂಗಲೆ ಅದು. ಗುಡಿಸೋದು, ಒರೆಸೋದು, ಪಾತ್ರೆ ಉಜ್ಜೋದು ಅವಳ ಕೆಲಸ. ಅಡುಗೆ ಏಕಾಂತಯ್ಯನದು. ಅಡುಗೆಮನೆಯ ಹೊಸಿಲು ದಾಟಬೇಡ ಅಂತ ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ. ಉಜ್ಜಿದ ಪಾತ್ರೆಗಳನ್ನು ಹಿತ್ತಲ ಚಪ್ಪಡಿ ಮೇಲೆ ಬೋರಲು ಹಾಕುತ್ತಿದ್ದಳು. ಏಕಾಂತಯ್ಯ ಒಂದು ಚೊಂಬು ನೀರು ಚಿಮುಕಿಸಿ ಆಮೇಲೆ ಎತ್ತಿಕೊಳ್ಳುತ್ತಿದ್ದ.

"ತೊಳೆದಿದ್ದನ್ನೇ ತೊಳೀತೀರಲ್ಲ ಏಕಾಂತಯ್ಯೋರೆ, ನಾನು ಬೂದಿ ಕಮ್ಮಿ ಹಾಕಿದ್ನಾ?"

"ಅಭ್ಯಾಸ ಕಣಮ್ಮ. ನನ್ನಪ್ಪನಿಂದ ಬಂದಿದ್ದು."

"ನನಗೂ ಒಂದು ಅಭ್ಯಾಸ ಬಂದೈತೆ, ನಮ್ಮಪ್ಪನಿಂದ. ಹೇಳಕ್ಕಾಗಲ್ಲ, ಬುಡಿ."

ಎಂಬತ್ತರಲ್ಲಿ ಮೆಷಿನ್ ಕೂರಿಸಲು ಜರ್ಮನಿಯಿಂದ ಹೋಲ್ಗರ್ ಅನ್ನೋನು ಬಂದ. ಕೆಲಸದವರ ಬಾಯಲ್ಲಿ ಅವನು ಓಲಗದ ಸಾಹೇಬನಾದ. ಆರಡಿ ಆಳು, ಕೆಂಪು ಮೂಗು. ಮೊದಲ ವಾರ ಉಪ್ಪಿಟ್ಟು, ಎರಡನೇ ವಾರ ಉಪ್ಪಿಟ್ಟು ಮತ್ತು ತಿಳಿಸಾರು. ಮೂರನೇ ವಾರ ಒಂದು ಮಧ್ಯಾಹ್ನ ಘಮಲು ಹಿಡಿದುಕೊಂಡು ಬಂಗಲೆ ಸುತ್ತಿ ಹಿತ್ತಲಿಗೆ ಬಂದುಬಿಟ್ಟ. ಶೀಟಿನ ಮಾಡಿನ ಕೆಳಗೆ ಮೂರು ಕಲ್ಲಿಟ್ಟು ಕದರಮ್ಮ ತನ್ನ ಪಾಲಿನ ಹಂದಿ ಬಾಡು ಬೇಯಿಸಿಕೊಳ್ಳುತ್ತಿದ್ದಳು. ಸಾಹೇಬ ಬಗ್ಗಿ ನೋಡಿದ. ಮಡಕೆ ತೋರಿಸಿ ಹೊಟ್ಟೆ ತೋರಿಸಿದ. ಕದರಮ್ಮ ಅಡುಗೆಮನೆಯ ಕಿಟಕಿ ನೋಡಿದಳು, ಸಾಹೇಬನನ್ನು ನೋಡಿದಳು, ತಟ್ಟೆಗೆ ಬಡಿಸಿಬಿಟ್ಟಳು. ಅವನು ಚಪ್ಪಡಿಕಲ್ಲಿನ ಮೇಲೆ ಕೂತು, ಮೂಗು ಕಣ್ಣಲ್ಲೆಲ್ಲ ನೀರು ಸುರಿಸುತ್ತ ತಿಂದ. ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಉದ್ದ ಕತ್ತಿನ ಹಸಿರು ಬಾಟಲಿ.

ಆ ಬಾಟಲಿಗಳು ಮೆಷಿನ್ ಭಾಗಗಳ ಪೆಟ್ಟಿಗೆಯಲ್ಲಿ, ಹುಲ್ಲಿನ ನಡುವೆ ಸುತ್ತಿಕೊಂಡು ಹಡಗಿನಲ್ಲಿ ಬಂದವು. ಅವನ ಊರು ಮೋಸೆಲ್ ಅನ್ನೋ ಹೊಳೆ ದಂಡೆಯಂತೆ. ದೇವರಾಯನದುರ್ಗದ ಇಳಿಜಾರಿನಂಥ ಕಡಿದಾದ ಕಲ್ಲುಗುಡ್ಡದ ಮೇಲೆ ದ್ರಾಕ್ಷಿ ಬೆಳೀತಾರಂತೆ. ದ್ರಾಕ್ಷಿಯ ಜಾತಿ ರೀಸ್ಲಿಂಗ್, ತೋಟ ಚಿಕ್ಕಪ್ಪನದು. ಇಷ್ಟನ್ನೂ ಇಂಗ್ಲಿಷಿನಿಂದ ಕನ್ನಡಕ್ಕೆ ತಂದುಕೊಟ್ಟವನು ಆಡಳಿತದ ಮ್ಯಾನೇಜರು ಶಿವರಾಮಯ್ಯ. ಗೆಸ್ಟ್ ಹೌಸಿನ ಕೆಲಸದವರನ್ನು ಇಡೋದು ತೆಗೆಯೋದು ಅವನ ಕೈಲಿತ್ತು. ಕುಡಿಯೋದಿರಲಿ, ಬಾಟಲಿ ಮುಟ್ಟಿದರೂ ಕೈ ತೊಳೆಯುವ ಮನುಷ್ಯ.

"ಇದಕ್ಕೆ ಅವರ ಕಡೆ ಅರ್ಧ ಒಣಗಿದ್ದು ಅಂತಾರಂತಮ್ಮ."

"ನೀರಿನಂಗೆ ಹರೀತೈತಲ್ಲ ಸಾರ್, ಎಲ್ಲಿ ಒಣಗೈತೆ?"

"ನನಗೇನು ಗೊತ್ತೇ ತಾಯಿ? ಸಿಹಿ ಪೂರಾ ಹೋಗಿರಲ್ವಂತೆ. ಸ್ವಲ್ಪ ಉಳಿಸಿರ್ತಾರಂತೆ. ಹುಳಿನೂ ಇರ್ತದಂತೆ."

ಕದರಮ್ಮ ಬಿರಡೆ ಮೂಸಿದಳು. ಸೀಬೆಹಣ್ಣು, ನಿಂಬೆ ಸಿಪ್ಪೆ, ಮಳೆ ಬಿದ್ದ ಕಲ್ಲು, ಏನೇನೋ ಸೇರಿದ ವಾಸನೆ. "ಗೊತ್ತಾಯ್ತು ಬುಡಿ. ಬಿಸಿಲೇರಿದ ಹೆಂಡ" ಅಂದಳು. ಆದರೆ ನಾಲಿಗೆಗೆ ಒಂದು ಹನಿ ಹಾಕಿಕೊಳ್ಳಲಿಲ್ಲ. ಅವ್ವನ ಕಟ್ಟಳೆ.

ಅಲ್ಲಿಂದ ಹಿತ್ತಲಲ್ಲಿ ಹೊಸ ವ್ಯಾಪಾರ ಶುರುವಾಯಿತು. ಸಾಹೇಬನಿಗೆ ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಬಾಟಲಿ ಬಿಚ್ಚುವ ಮನಸ್ಸಾಗೋದು. ಬಾಟಲಿ ತಣ್ಣಗಿರಬೇಕು, ಫ್ರಿಜ್ಜು ಏಕಾಂತಯ್ಯನ ರಾಜ್ಯದಲ್ಲಿ, ಅದರಲ್ಲಿ ಸಾರಾಯಿ ಇಡಕ್ಕೆ ಅವನು ಬಿಡ. ಕದರಮ್ಮ ನೀರಿನ ಗುಡಾಣದ ಬುಡದ ಒದ್ದೆ ಮರಳಲ್ಲಿ ಬಾಟಲಿ ಹೂತಿಡುತ್ತಿದ್ದಳು. ಸಾಹೇಬ ಕುಡಿಯೋನು, ಇವಳು ಒಂದೊಂದೇ ನಂಚಿಕೆ ಕೊಡೋಳು, ಅವನ ಮುಖ ನೋಡೋಳು. ಮುಖವೇ ಅವಳ ತಕ್ಕಡಿ. ಕೊಬ್ಬಿನ ತುಂಡು ಕೊಟ್ಟರೆ ಕಣ್ಣು ಮುಚ್ಚುತ್ತಿದ್ದ. ನಾಲಿಗೆಗೆ ಮೆತ್ತಿದ ಜಿಡ್ಡನ್ನು ಆ ಹುಳಿ ತೊಳೀತದೆ ಅಂತ ಇವಳಿಗೆ ಅರ್ಥವಾಯಿತು. ಖಾರದ ಬೋಟಿಗೆ ಬೆವರುತ್ತ ನಗುತ್ತಿದ್ದ; ಉರಿಯೋ ನಾಲಿಗೆಗೆ ಆ ಚೂರು ಸಿಹಿ ತಣ್ಣೀರಿನಂತೆ. ಭಾನುವಾರ ಜೀಪಿನಲ್ಲಿ ಕುಣಿಗಲ್ಲಿಗೆ ಕುದುರೆ ನೋಡಕ್ಕೆ ಹೋದೋನು ಅಲ್ಲಿಯ ಕೆರೆ ಮೀನು ತಂದ, ಅದನ್ನು ಬರೀ ಉಪ್ಪು ಮೆಣಸಲ್ಲಿ ಹುರಿದು ಕೊಟ್ಟಳು, ಅವತ್ತು ಒಂದೂ ಮಾತಾಡದೆ ತಿಂದ. ಬೇಯಿಸಿದ ಕಡಲೇಕಾಯಿ ನಡೀತು. ಹುಚ್ಚೆಳ್ಳು ಪುಡಿ ಚಪಾತಿ ಜೊತೆ ನಡೀತು. ಹಾಗಲಕಾಯಿಗೆ ಮುಖ ಕಿವುಚಿದ. ಯುಗಾದಿಗೆ ಏಕಾಂತಯ್ಯ ಮಾಡಿದ ಹೋಳಿಗೆಯನ್ನು ಬಾಟಲಿ ಜೊತೆ ತಿಂದು, ಲೋಟವನ್ನೇ ಅನುಮಾನದಿಂದ ನೋಡಿದ. ಬೆಲ್ಲದ ಮುಂದೆ ಅವನ ದ್ರಾಕ್ಷಿರಸ ಬರೀ ನಿಂಬೆನೀರಾಗಿಹೋಗಿತ್ತು. ಹಲಸಿನ ಹಣ್ಣಿಗೂ ಅದೇ ಗತಿ.

"ಸಿಹಿಗೆ ಸಿಹಿ ಕೊಟ್ರೆ ಒಂದು ಸಾಯ್ತದೆ" ಅಂತ ಕದರಮ್ಮ ಮನೆಗೆ ಹೋಗಿ ಓಬಳಯ್ಯನಿಗೆ ಹೇಳಿದಳು. "ಖಾರ, ಉಪ್ಪು, ಕೊಬ್ಬು. ಇಷ್ಟೇ ಅದಕ್ಕೆ ಆಗೋದು."

"ನಿನಗ್ಯಾಕಮ್ಮಿ ಆ ಬಿಳಿಯನ ಬಾಯಿ ಚಿಂತೆ?"

"ಅವನ ಬಾಯಿ ಹಿಡ್ಕೊಂಡು ನಾನು ಒಳಗೆ ಹೋಗ್ಬೇಕು ಕಣಪ್ಪ. ಆ ಅಡುಗೆಮನೆಯೊಳಕ್ಕೆ."

ಅವಳಿಗೆ ಬೇಕಾಗಿದ್ದುದು ಅದೊಂದೇ. ಶಿವರಾಮಯ್ಯ ಬಾಯಿಬಿಟ್ಟು ಹೇಳಿದ್ದ. ಎಂಬತ್ತೊಂದರ ಏಪ್ರಿಲಲ್ಲಿ ಎರಡನೇ ಮೆಷಿನ್ ಓಡಿಸುವ ದಿನ ಬೊಂಬಾಯಿಂದ ಕಂಪನಿ ಯಜಮಾನರು, ಜರ್ಮನಿಯಿಂದ ಇಬ್ಬರು ದೊಡ್ಡ ಸಾಹೇಬರು ಬರುತ್ತಾರೆ. ಸಂಜೆ ಗೆಸ್ಟ್ ಹೌಸಿನಲ್ಲಿ ಊಟ. ಹೋಲ್ಗರ್ ತನ್ನೂರಿನ ಬಾಟಲಿ ಕೊಡುತ್ತಾನೆ, ಅದಕ್ಕೆ ತಕ್ಕ ಬಾಡೂಟ ಕದರಮ್ಮನದು. "ಅದೊಂದು ಸಾಂಗವಾಗಿ ನಡೀಲಿ. ನಿನ್ನನ್ನ ಎರಡನೇ ಅಡುಗೆಯವಳು ಅಂತ ಕಾಯಂ ಮಾಡಿಸ್ತೀನಿ. ಒಳಗೇ ಒಲೆ ಕೊಡಿಸ್ತೀನಿ." ಒಳಗೇ ಅನ್ನೋ ಮಾತು ಕೇಳಿ ಏಕಾಂತಯ್ಯ ಸೌಟು ಬೀಳಿಸಿದ್ದನ್ನು ಕದರಮ್ಮ ಹಿತ್ತಲಿಂದಲೇ ಕೇಳಿಸಿಕೊಂಡಳು.

ಆ ವಾರವೆಲ್ಲ ಅವಳಿಗೆ ನಿದ್ದೆ ಅರೆಬರೆ. ಮಸಾಲೆ ಹುರಿದಳು, ಸಾಲದೆನಿಸಿ ಮತ್ತೆ ಹುರಿದಳು. ಹಂದಿ ಸಾಕೋರ ಹಟ್ಟಿಗೆ ದಿನಾ ಹೋಗಿ, ಕೊಯ್ಯಬೇಕಾದ ಹಂದಿಯನ್ನು ಸುಮ್ಮನೆ ನೋಡಿ ಬಂದಳು. ಹುಣಸೆ ಬಿಡಿಸಿದಳು. ಬಾಡಿನ ಮಸಾಲೆಗೆ ಧಾರಾಳ ಹುಣಸೆ ಹಿಂಡೋದು ಚಿಕ್ಕಮಾರಮ್ಮನಿಂದ ಬಂದ ಕೈ.

ಊಟದ ಹಿಂದಿನ ಸಂಜೆ ಹೋಲ್ಗರ್ ಮರಳಿನಿಂದ ಬಾಟಲಿಗಳನ್ನು ತೆಗೆಸಿದ. ಉಳಿದಿದ್ದವು ಆರು. ಗೂಡ್ಸ್ ರೈಲಿನ ಬಿಸಿಲಿಗೆ ಕೆಲವಕ್ಕೆ ಬಿರಡೆ ಉಬ್ಬಿ ಮೇಲೆದ್ದಿತ್ತು, ಒಂದೆರಡು ಜಿನುಗಿದ್ದವು. ಕೆಟ್ಟಿದ್ದನ್ನು ಯಜಮಾನರಿಗೆ ಕೊಟ್ಟು ಮರ್ಯಾದೆ ಕಳೆದುಕೊಳ್ಳಬಾರದಲ್ಲ. ಆರನ್ನೂ ಬಿಚ್ಚಿ, ಒಂದೊಂದು ಗುಟುಕು ಬಾಯಿ ಮುಕ್ಕಳಿಸಿ ಉಗಿದ. ಎರಡಕ್ಕೆ ತಲೆ ಅಲ್ಲಾಡಿಸಿ ನುಗ್ಗೆಮರದ ಬುಡಕ್ಕೆ ಸುರಿದುಬಿಟ್ಟ. ನಾಲ್ಕಕ್ಕೆ ಮತ್ತೆ ಬಿರಡೆ ಒತ್ತಿ ಮರಳಿನ ಕಡೆ ಕೈ ತೋರಿಸಿದ. ಶಿವರಾಮಯ್ಯ ಅಲ್ಲಿರಲಿಲ್ಲ, ಮಾತು ಆಚೆಗೀಚೆಗೆ ದಾಟಿಸೋರು ಯಾರೂ ಇರಲಿಲ್ಲ. ಅದೇ ಸಂಜೆ ಕಾರ್ಖಾನೆಗೆ ಹೊಸ ಪೆಟ್ಟಿಗೆ ಬಂತು ಅಂತ ಡ್ರೈವರು ಹೇಳಿದ್ದನ್ನು ಮಾತ್ರ ಕದರಮ್ಮ ಕೇಳಿದ್ದಳು. ಪೆಟ್ಟಿಗೆ ಅಂದರೆ ಹುಲ್ಲು, ಹುಲ್ಲು ಅಂದರೆ ಬಾಟಲಿ. ಅವಳ ತಲೆಯಲ್ಲಿ ಲೆಕ್ಕ ಕೂತುಬಿಟ್ಟಿತು.

ಬೆಳಗ್ಗೆ ಸಾಹೇಬ ಕಾರ್ಖಾನೆಗೆ ಹೋದ. ಕದರಮ್ಮ ಮರಳು ಒದ್ದೆ ಮಾಡಲು ಹೋದವಳು ನಾಲ್ಕು ಬಾಟಲಿ ಎತ್ತಿದಳು. ನಿನ್ನೆ ಮೂತಿ ಬಿಚ್ಚಿದವು. ಬೊಂಬಾಯಿಂದ ಬರೋರಿಗೆ, ಸಮುದ್ರದಾಚೆಯಿಂದ ಬರೋರಿಗೆ ನಿನ್ನೆಯದು ಕೊಡೋದೇ? ಪಾಪ, ಸಾಹೇಬನಿಗೆ ಎರಡು ಸುರಿಯೋ ಹೊತ್ತಿಗೆ ಸುಸ್ತಾಗಿರಬೇಕು, ಉಳಿದದ್ದನ್ನು ನನಗೆ ಬಿಟ್ಟಿದ್ದಾನೆ ಅಂದುಕೊಂಡಳು. ಅವನು ಸುರಿದ ಜಾಗದಲ್ಲೇ, ನುಗ್ಗೆಮರದ ಬುಡಕ್ಕೆ, ಒಂದಾದ ಮೇಲೊಂದು ನಾಲ್ಕನ್ನೂ ಹುಯ್ದಳು. ಮಣ್ಣು ಗಟಗಟ ಕುಡಿಯಿತು. ಬಾಟಲಿಗಳನ್ನು ಬೂದಿ ಹಾಕಿ ತೊಳೆದು, ಚಪ್ಪಡಿ ಮೇಲೆ ಸಾಲಾಗಿ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ತಿರುಗಿದಾಗ ಅಡುಗೆಮನೆ ಕಿಟಕಿಯಲ್ಲಿ ಏಕಾಂತಯ್ಯ ನಿಂತಿದ್ದ. ಕಣ್ಣಿಗೆ ಕಣ್ಣು ಸೇರಿತು. ಅವನು ಒಳಗೆ ಸರಿದ.

ಸಂಜೆ ನಾಲ್ಕೂವರೆಗೆ ಹೋಲ್ಗರ್ ಬಂದು ಮರಳು ಕೆದಕಿದ. ಇನ್ನಷ್ಟು ಕೆದಕಿದ. ಆಮೇಲೆ ಚಪ್ಪಡಿ ಕಡೆ ನೋಡಿದ. ಫಳಫಳ ಹೊಳೆಯುವ ನಾಲ್ಕು ಖಾಲಿ ಬಾಟಲಿ. ಅವನ ಮುಖ ಹಾಗಾಗಿದ್ದನ್ನು ಕದರಮ್ಮ ಹಾಗಲಕಾಯಿ ದಿನವೂ ಕಂಡಿರಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ಬಂದಿದ್ದುದು ಬರೀ ಕಬ್ಬಿಣ.

ಊಟವೇನೋ ನಡೆಯಿತು. ಡ್ರೈವರು ಓಡಿಹೋಗಿ ಬೀರು ತಂದ. ಬಾಡು ಖಾಲಿಯಾಯಿತು, ಮೀನು ಖಾಲಿಯಾಯಿತು. ಆದರೆ ಹೋಲ್ಗರ್ ಊಟದುದ್ದಕ್ಕೂ ತಲೆ ಎತ್ತಲಿಲ್ಲ. ಶಿವರಾಮಯ್ಯನ ಕಿವಿ ಕೆಂಪಗಾಗಿತ್ತು. ಮರುದಿನ ಬೆಳಗ್ಗೆ ಹಿತ್ತಲಲ್ಲಿ ಪಂಚಾಯ್ತಿ. ಡ್ರೈವರು, ಮಾಲಿ, ಕಾವಲುಗಾರ, ಏಕಾಂತಯ್ಯ, ಎಲ್ಲ ಸುತ್ತ ನಿಂತರು. ಕೇಳೋನು ಶಿವರಾಮಯ್ಯ.

"ನಾಲ್ಕು ಬಾಟಲಿ ಕದರಮ್ಮ. ಒಬ್ಬಳೇ ಕುಡಿದ್ಯಾ, ಇಲ್ಲ ಗಂಡನ್ನೂ ಅವನ ಹಮಾಲಿ ಗುಂಪನ್ನೂ ಕರೆಸಿದ್ಯಾ?"

"ಕುಡೀಲಿಲ್ಲ ಸಾರ್. ಚೆಲ್ದೆ."

"ಚೆಲ್ದೆ! ಕೇಳಿದ್ರೇನ್ರೋ? ಸೀಮೆಯಿಂದ ಬಂದ ಡ್ರಿಂಕ್ಸನ್ನ ಚೆಲ್ದಳಂತೆ."

ಡ್ರೈವರು ಕಿಸಕ್ಕನೆ ನಕ್ಕ. "ನಮ್ಮೋರಲ್ಲಿ ಚೆಲ್ಲೋರು ಹುಟ್ಟೇ ಇಲ್ಲ ಸಾರ್" ಅಂದ ಮಾಲಿ, ಅವನೂ ಕದರಮ್ಮನ ಕೇರಿಯವನೇ.

ಕದರಮ್ಮ ಪೆಂಟೆ ಕಟ್ಟಳೆ ಹೇಳಿದಳು. ನಿನ್ನೆಯದು, ಇವತ್ತಿನೋರು, ಮರದ ಬುಡ, ಬೋರಲು. ಹೇಳುತ್ತ ಹೇಳುತ್ತ ಅವಳಿಗೇ ಅದು ಕಟ್ಟುಕತೆಯ ಥರ ಕೇಳಿಸತೊಡಗಿತು. ಸುಮ್ಮನೆ ನಿಲ್ಲಲಾಗದೆ ನುಗ್ಗೆಮರದ ಹತ್ತಿರ ಓಡಿದಳು. ಬುಡದ ಸುತ್ತ ಇರುವೆ ಕವಿದುಕೊಂಡು ಮಣ್ಣೇ ಹರಿದಾಡುವಂತೆ ಕಾಣುತ್ತಿತ್ತು.

"ನೋಡ್ರಿ! ಅದ್ರಲ್ಲಿದ್ದ ಸಿಹಿಗೆ ಬಂದಾವೆ. ನನ್ ಹೊಟ್ಟೆಗೆ ಹೋಗಿದ್ರೆ ಇಲ್ಲಿಗ್ಯಾಕ್ ಬರ್ತಿದ್ದೋ?"

ಹೋಲ್ಗರ್ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸಿದ. ಶಿವರಾಮಯ್ಯನಿಗೆ ಏನೋ ಹೇಳಿದ.

"ಎರಡು ಬಾಟಲಿ ಸಾಹೇಬರೇ ಇಲ್ಲಿ ಸುರಿದಿದ್ರಂತೆ. ಇರುವೆ ಅದಕ್ಕೂ ಬರ್ತವೆ. ನಿನ್ನ ಇರುವೆ ಯಾವುದು, ಅವರ ಇರುವೆ ಯಾವುದು, ತೋರಿಸು?"

ಆಗ ಅವಳು ತಿರುಗಿ ನಿಂತಳು. "ಏಕಾಂತಯ್ಯೋರೆ. ನೀವು ಕಿಟಕೀಲಿದ್ರಿ. ನಾನು ಹುಯ್ದಿದ್ದು ನೋಡಿದ್ರಿ. ಹೇಳ್ರಿ."

ಏಕಾಂತಯ್ಯ ಹಣೆಯ ವಿಭೂತಿ ಮುಟ್ಟಿಕೊಂಡ. "ನಾನು ಒಗ್ಗರಣೆ ಹಾಕ್ತಿದ್ದೆ ಸ್ವಾಮಿ. ಹಿತ್ತಲ ಕಡೆ ನೋಡೋ ಚಾಳಿ ನನಗಿಲ್ಲ."

ಆ ಮಾತು ಬಿದ್ದಾಗ ಕದರಮ್ಮನ ಕಾಲು ಒಂದು ಗಳಿಗೆ ನಿಂತವು. ಅಷ್ಟೇ. ಆಮೇಲೆ ಮತ್ತೆ ಓಡಾಟ.

ಶಿವರಾಮಯ್ಯ ಕೆಟ್ಟವನಲ್ಲ, ತಾನು ಒಳ್ಳೆಯವನು ಅಂತ ನಂಬಿರುವ ಜಾತಿ, ಅದರ ಕಾಟ ಬೇರೆ. ಎಲ್ಲರನ್ನೂ ಕಳಿಸಿ ಅವಳನ್ನು ಪಕ್ಕಕ್ಕೆ ಕರೆದ. "ನೋಡಮ್ಮ, ಯಜಮಾನರಿಗೆ ಊಟ ಹಿಡಿಸಿದೆ. ಸಾಹೇಬರಿಗೂ ನಿನ್ನ ಮೇಲೆ ಸಿಟ್ಟಿಲ್ಲ, ಹೋಗ್ಲಿ ಬಿಡು ಅಂತಿದಾರೆ. ನಾಳೆ ನಿನ್ನ ಗಂಡನ್ನ ಕರ್ಕೊಂಡು ಬಾ. ಆಸೆ ಆಯ್ತು, ಕುಡಿದೆ, ತಪ್ಪಾಯ್ತು ಅಂತ ನಾಲ್ಕು ಜನದ ಮುಂದೆ ಅಂದ್ಬಿಡು. ಕಾಯಂ ಕೆಲಸ, ಒಳಗಿನ ಒಲೆ, ನನ್ನ ಮಾತು ನನ್ನ ಮಾತೇ. ನಿಮ್ಮೋರು ಕುಡಿಯೋದು ನನಗೇನು ಹೊಸದಾ?"

"ಚೆಲ್ದೆ ಅಂದ್ರೆ?"

"ಚೆಲ್ದೆ ಅಂತ ಹಟ ಹಿಡಿದ್ರೆ ಸುಳ್ಳಿನ ಮೇಲೆ ಸುಳ್ಳು. ಸುಳ್ಳು ಹೇಳೋರ ಕೈಗೆ ಅಡುಗೆಮನೆ ಹೆಂಗೆ ಕೊಡ್ಲಿ?"

ಅವತ್ತು ಮಂಡಿಗೇ ಹೋಗಿ, ಮೂಟೆ ಸಾಲಿನ ನಡುವೆ ಓಬಳಯ್ಯನನ್ನು ಹಿಡಿದಳು. ಧರಣಿ ಕೂರೋಣ ಅಂತಾನೆ ಅಂದುಕೊಂಡಿದ್ದಳು. ಅವನು ಬೆವರು ಒರೆಸಿಕೊಂಡು ಯೋಚಿಸಿ, "ಅಂದ್ಬುಡು" ಅಂದ.

"ಏನಂತ?"

"ಕುಡಿದೆ ಅಂತ. ಬಾಯ್ಮಾತು ತಾನೆ? ಒಳಗೆ ಹೋಗಮ್ಮಿ ಮೊದ್ಲು. ನಮ್ಮೋಳು ಒಬ್ಳು ಆ ಅಡುಗೆಮನೇಲಿ ನಿಂತ್ರೆ ಸಂಘಕ್ಕೇ ಒಂದು ಬಲ. ಆಮೇಲೆ ಏಕಾಂತಯ್ಯನ ವಿಚಾರ ನೋಡ್ಕೊಳ್ಳೋಣ."

"ಕುಡುಕಿ ಅಂತ ಒಳಗೆ ಹೋಗ್ಲಾ?"

"ಹೆಂಗಾದ್ರೂ ಹೋಗು."

"ನಿಮ್ ಸಂಘಕ್ಕೆ ಬಾಗಿಲು ಬೇಕು. ನನಗೆ ನನ್ ಬಾಯಿ ಬೇಕು ಕಣಪ್ಪ. ಅವ್ವನ ಗೋಣಿತಾಟಿನ ಮುಂದೆ ಅಷ್ಟು ವರ್ಷ ಒಂದು ಹನಿ ಮುಟ್ಟದೆ ಕೂತಿದ್ದೆ. ಇವ್ರಿಗೋಸ್ಕರ ಕುಡಿದೆ ಅನ್ಲಾ? ನಾಳೆ ಉಪ್ಪು ಕಮ್ಮಿಯಾದ್ರೂ ಕುಡಿದವ್ಳೆ ಅಂತಾರೆ, ಜಾಸ್ತಿಯಾದ್ರೂ ಕುಡಿದವ್ಳೆ ಅಂತಾರೆ."

ಓಬಳಯ್ಯ ಮತ್ತೆ ಮೂಟೆಗೆ ಬೆನ್ನು ಕೊಟ್ಟ. ಪಕ್ಕದ ಹಮಾಲಿಯೊಬ್ಬ, "ಅಕ್ಕೋ, ನಿಜವಾಗ್ಲೂ ಚೆಲ್ದ್ಯಾ? ನಮಗೊಂದು ಮಾತು ಹೇಳಿ ಚೆಲ್ಲಬಾರದಾ?" ಅಂದ. ಕದರಮ್ಮ ಬೈದಳು; ಬೈಯುವಾಗಲೇ ನಗು ಬಂತು, ಅದಕ್ಕೂ ಸೇರಿಸಿ ಬೈದಳು.

ಮರುದಿನ ನಾಲ್ಕು ಜನದ ಮುಂದೆ ಅವಳು ಅಂದದ್ದು ಹಿಂದಿನ ದಿನದ ಮಾತನ್ನೇ. "ಕುಡೀಲಿಲ್ಲ. ಚೆಲ್ದೆ. ಗೊತ್ತಿಲ್ದೆ ಚೆಲ್ದೆ, ಅದು ತಪ್ಪು, ಆ ತಪ್ಪಿಗೆ ಏನ್ ಬೇಕಾದ್ರೂ ಅನ್ರಿ." ಪೊರಕೆಯನ್ನು ಚಪ್ಪಡಿ ಮೇಲೆ ಇಟ್ಟಳು. ಏಕಾಂತಯ್ಯ ಅದರ ಮೇಲೂ ನೀರು ಚಿಮುಕಿಸಿದನೋ ಏನೋ, ಅವಳು ತಿರುಗಿ ನೋಡಲಿಲ್ಲ. ಅವನು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅಂಥವರು ಬಿಡೋದೂ ಇಲ್ಲ, ಕತೆಗಳಲ್ಲಿ ಮಾತ್ರ ಬಿಡುತ್ತಾರೆ.

ಮಂಡಿಯ ಹಿಂದುಗಡೆ ಹೊಂಗೆಮರದ ಕೆಳಗೆ ನಾಲ್ಕು ಶೀಟು ನಿಲ್ಲಿಸಿ ಬಾಡೂಟದ ಅಂಗಡಿ ಇಟ್ಟಳು. ಅಲ್ಲಿ ಒಳಗೂ ಇಲ್ಲ, ಹೊರಗೂ ಇಲ್ಲ. ಹಮಾಲರು, ಲಾರಿಯವರು, ಕೊಬ್ಬರಿ ಗಾಡಿಯವರು ತಿಂದರು. ಆದರೆ ಕತೆ ಅವಳಿಗಿಂತ ಮುಂಚೆ ಅಲ್ಲಿಗೆ ಬಂದಿತ್ತು. ಬೆಂಚಿನ ಮೇಲೆ ಕೂತೋರು, "ಕದರಕ್ಕ, ಜರ್ಮನಿ ಮಾಲು ಹೆಂಗಿತ್ತು?" ಅನ್ನೋರು. ಕೆಲವರಿಗೆ ಅದು ತಮಾಷೆ. ಕೆಲವರು ಮೆಚ್ಚುಗೆಯಿಂದಲೇ ಕೇಳುತ್ತಿದ್ದರು, ಸಾಹೇಬನ ನಾಲ್ಕು ಬಾಟಲಿ ಎತ್ತಿ ದಕ್ಕಿಸಿಕೊಂಡ ಗಟ್ಟಿಗಿತ್ತಿ ಅಂತ. ಆ ಮೆಚ್ಚುಗೆ ಅವಳಿಗೆ ಬೈಗುಳಕ್ಕಿಂತ ಉರಿ. ಚೆಲ್ದೆ ಅಂತ ವರ್ಷಗಟ್ಟಲೆ ಹೇಳಿದಳು. ಯಾರೂ ನಂಬಲಿಲ್ಲ. ನಂಬಿದೋರು ದಡ್ಡಿ ಅಂದರು.

ಎಂಬತ್ತೈದರ ಚಳಿಗಾಲದಲ್ಲಿ, ಮೆಷಿನ್ ರಿಪೇರಿಗೆ ಬಂದ ಹೋಲ್ಗರ್ ಒಂದು ಮಧ್ಯಾಹ್ನ ಅಂಗಡಿ ಮುಂದೆ ಜೀಪು ನಿಲ್ಲಿಸಿದ. ಕೂದಲು ಹಿಂದೆ ಸರಿದಿತ್ತು, ಮೂಗು ಹಾಗೇ ಕೆಂಪು. ಬಗಲಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಹಸಿರು ಬಾಟಲಿ. ಮರಳಿನ ಪಾಠ ಅವನಿಗೂ ನೆನಪಿತ್ತು. ಬೆಂಚಿನ ಮೇಲಿದ್ದೋರು ಜರುಗಿ ಜಾಗ ಕೊಟ್ಟರು. ಕದರಮ್ಮ ಹಂದಿ ಬಾಡು ಬಡಿಸಿದಳು. ಅವನು ಬಾಟಲಿ ಬಿಚ್ಚಿ ತನಗೊಂದು ಲೋಟ ಹಾಕಿಕೊಂಡ. ಇನ್ನೊಂದು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಅವಳ ಕಡೆ ಚಾಚಿದ. "ಕದರಮ್ಮ. ಕುಡಿ."

ಇಡೀ ಅಂಗಡಿ ಅಗಿಯೋದು ನಿಲ್ಲಿಸಿತು.

"ಈಗಾದ್ರೂ ಕುಡಿ ಅಕ್ಕೋ, ಬಂದ ಹೆಸರು ಸುಮ್ನೆ ಯಾಕ್ ಹೋಗ್ಬೇಕು?" ಅಂದ ಒಬ್ಬ.

ಓಬಳಯ್ಯ ಮೂಲೆಯಲ್ಲಿ ಬೀಡಿ ಆರಿಸಿದ. ಕದರಮ್ಮ ಲೋಟ ತೆಗೆದುಕೊಂಡು ಒಂದು ಸುತ್ತು ಎಲ್ಲರನ್ನೂ ನೋಡಿದಳು. ಅವ್ವ ಸತ್ತು ಎರಡು ವರ್ಷವಾಗಿತ್ತು.

"ಎಲ್ರೂ ಕಣ್ಬಿಟ್ಟು ನೋಡ್ರೋ. ನಾನು ಕುಡೀತಿರೋದು ಇವತ್ತು. ಇದೇ ಮೊದಲ್ನೇದು. ಯಾರಾದ್ರೂ ಕೇಳಿದ್ರೆ ಹೇಳ್ಬೇಕು, ಕದರಿ ಕುಡಿದಿದ್ದು ಎಂಬತ್ತೈದ್ರಲ್ಲಿ, ನಮ್ ಕಣ್ಮುಂದೆ, ಅವಳ ಅಂಗಡೀಲಿ. ಎಂಬತ್ತೊಂದ್ರಲ್ಲಿ ಅಲ್ಲ. ಕೇಳಿಸ್ತಾ?"

"ಕೇಳಿಸ್ತು ಕಣಕ್ಕೋ" ಅಂದರು. ನಗು ಇರಲಿಲ್ಲ.

ಕುಡಿದಳು. ಬಾಯಲ್ಲಿ ಇಟ್ಟುಕೊಂಡು ನಿಂತಳು. ಹಂದಿಯ ಒಂದು ತುಂಡು ಬಾಯಿಗೆ ಹಾಕಿ ಅಗಿದು, ಮತ್ತೆ ಒಂದು ಗುಟುಕು ಹಾಕಿದಳು. ಅವಳ ಮುಖ ಗಂಟಾಯಿತು. ಇನ್ನೊಂದು ತುಂಡು, ಇನ್ನೊಂದು ಗುಟುಕು.

"ಥೂ!" ಅಂದಳು. "ಹುಣಸೆ ಜಾಸ್ತಿ!"

ಯಾರಿಗೂ ತಿಳಿಯಲಿಲ್ಲ.

"ಇದ್ರಲ್ಲೇ ಬೇಕಾದಷ್ಟು ಹುಳಿ ಐತೆ. ನಾನು ಅದ್ರ ಮೇಲೆ ಹುಣಸೆ ಹಿಂಡಿ ಹಿಂಡಿ ಸಾಯಿಸ್ತಿದ್ದೆ. ಹುಳಿಗೆ ಹುಳಿ! ಇದು ಬಿಸಿಲೇರಿದ ಹೆಂಡ ಅಲ್ಲ ಕಣ್ರೋ, ಇದು ಬೇರೆ." ಹೋಲ್ಗರ್ ಕಡೆ ತಿರುಗಿದಳು. "ಅಷ್ಟು ದಿನ ಕಣ್ಮುಚ್ಕೊಂಡು ತಿಂದ್ರಲ್ಲ, ಯಾಕ್ರೀ ಹೇಳ್ಲಿಲ್ಲ?"

ಹೋಲ್ಗರ್ ಅವಳ ಕೈ ಆಡುವುದನ್ನೇ ನೋಡಿ, ತನಗೆ ಗೊತ್ತಿದ್ದ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ತೆಗೆದ. "ಚೆನ್ನಾಗಿದೆ."

"ಚೆನ್ನಾಗಿಲ್ಲ!" ಅವನ ಮುಂದಿನ ತಟ್ಟೆ ಕಿತ್ತುಕೊಂಡಳು. ಹಸಿ ಬಾಡು ಇನ್ನೂ ಅರ್ಧ ಸೇರು ಇತ್ತು. ಬಾಣಲೆ ಇಟ್ಟು, ಉಪ್ಪು, ಮೆಣಸು, ಬೆಳ್ಳುಳ್ಳಿ, ಅದರದೇ ಕೊಬ್ಬಿನಲ್ಲಿ ಹುರಿಯಲು ಶುರುಮಾಡಿದಳು. ಹುಣಸೆಯ ಬಟ್ಟಲನ್ನು ಕಾಲಿನಿಂದ ಅತ್ತ ತಳ್ಳಿದಳು. ಮಂಡಿಗೆ ಹೊತ್ತಾಯಿತು ಅಂತ ಯಾರೂ ಏಳಲಿಲ್ಲ. ಹೊಸದನ್ನು ತಿಂದು ಒಂದು ಗುಟುಕು ಹಾಕಿದ ಹೋಲ್ಗರ್ ಕಣ್ಣು ಮುಚ್ಚಲಿಲ್ಲ; ತೆರೆದೇ ಇಟ್ಟುಕೊಂಡು ಅವಳನ್ನು ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಬಾಟಲಿಯಲ್ಲಿ ಕಾಲುಭಾಗ ಉಳಿದಿತ್ತು. ಅವನು ಬಿರಡೆ ಒತ್ತಲು ಹೋದ.

"ಇಲ್ಲಿ ಬಿಟ್ಟು ಹೋಗ್ಬ್ಯಾಡಿ" ಅಂದಳು ಕದರಮ್ಮ. "ನಾಳೆಗೆ ಇದ್ರೆ ಚೆಲ್ತೀನಿ."

ಓಬಳಯ್ಯ ಎದ್ದು, ಖಾಲಿ ಲೋಟ ಹಿಡಿದು ಹೊಂಗೆಮರದ ಬುಡಕ್ಕೆ ಹುಯ್ಯುವಂತೆ ಮಾಡಿ ತೋರಿಸಿದ. ಹೋಲ್ಗರ್ ಅದನ್ನು ನೋಡಿ, ಬಾಟಲಿ ನೋಡಿ, ಅವಳನ್ನು ನೋಡಿ, ಬಿರಡೆಯನ್ನು ರಸ್ತೆಗೆ ಎಸೆದ. ಕದರಮ್ಮ ಆಗಲೇ ತಟ್ಟೆಯನ್ನು ಎಡಗೈಗೆ ಏರಿಸಿಕೊಂಡು, ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗುತ್ತ, ಹುಣಸೆಯಿಲ್ಲದ ತುಂಡಿಗೆ ಇನ್ನೆಷ್ಟು ಉಪ್ಪು ಬೇಕು ಅಂತ ನೋಡುತ್ತಿದ್ದಳು.